ಸರ್ವಜಿತು ಸಂವತ್ಸರದ ಮೈಸೂರು: 1947ರ ಸಂಸ್ಥಾನ ಮತ್ತು ಶ್ರೀನಿವಾಸಪುರದ ಗಡಿಸೀಮೆ

ಪೀಠಿಕೆ

1947 ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಆಗಸ್ಟ್ 15. ಪಠ್ಯಪುಸ್ತಕಗಳಿಂದ ಹಿಡಿದು ಊರಿನ ಶಾಲೆಯ ಧ್ವಜಾರೋಹಣದ ಭಾಷಣದವರೆಗೆ ಆ ವರ್ಷದ ಕಥನ ದೆಹಲಿಯಲ್ಲಿ ಆರಂಭವಾಗಿ ದೆಹಲಿಯಲ್ಲಿಯೇ ಮುಗಿಯುತ್ತದೆ. ಆದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಜನ ಅಂದು ಬ್ರಿಟಿಷ್ ಇಂಡಿಯಾದ ಪ್ರಜೆಗಳಾಗಿರಲಿಲ್ಲ. ಅವರು ಮೈಸೂರು ಮಹಾರಾಜರ ಪ್ರಜೆಗಳಾಗಿದ್ದರು. ಆಗಸ್ಟ್ 15ರಂದು ಬ್ರಿಟಿಷರು ಹೊರಟುಹೋದರೂ ಈ ತಾಲ್ಲೂಕುಗಳ ಅಮಲ್ದಾರರು, ಶೇಕ್‌ದಾರರು, ಪೊಲೀಸರು ಯಾರ ಹೆಸರಿನಲ್ಲಿ ಅಧಿಕಾರ ನಡೆಸುತ್ತಿದ್ದರೋ ಆ ಹೆಸರು ಬದಲಾಗಲಿಲ್ಲ. ಇಲ್ಲಿ ಜನಪ್ರತಿನಿಧಿಗಳ ಕೈಗೆ ಆಡಳಿತ ಬಂದದ್ದು ಸುಮಾರು ಎಪ್ಪತ್ತು ದಿನಗಳ ಅನಂತರ, ಅದೂ ಮತ್ತೊಂದು ಚಳವಳಿಯ ಮೂಲಕ.

ಈ ಎಪ್ಪತ್ತು ದಿನಗಳನ್ನು ಕೇಂದ್ರವಾಗಿಟ್ಟುಕೊಂಡು, ಒಂದು ಚಿಕ್ಕ ದೇಶದಂತೆಯೇ ಬಾಳಿದ ಸಂಸ್ಥಾನದ ಬದುಕಿನಲ್ಲಿ ಆ ಒಂದು ವರ್ಷ ಏನನ್ನು ಬದಲಿಸಿತು ಎಂಬುದನ್ನು ಗಡಿಯ ಒಂದು ತಾಲ್ಲೂಕಿನ ನೆಲೆಯಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ರಾಜಕೀಯ ಇತಿಹಾಸಕಾರರು ಕಡತಗಳಿಂದ ಕಟ್ಟಿಕೊಟ್ಟಿರುವ ಚಿತ್ರಕ್ಕೆ ಜಾನಪದ ಅಧ್ಯಯನ ಏನನ್ನು ಸೇರಿಸಬಲ್ಲದು ಎಂಬ ಪ್ರಶ್ನೆಯೂ ಇದರೊಂದಿಗೆ ಹೆಣೆದುಕೊಂಡಿದೆ.

ಸಂಸ್ಥಾನವೆಂಬ ಚಿಕ್ಕ ದೇಶ

1941ರ ಜನಗಣತಿಯ ಪ್ರಕಾರ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 73 ಲಕ್ಷ. ವಿಸ್ತೀರ್ಣ 29 ಸಾವಿರ ಚದರ ಮೈಲಿಗಳಿಗೂ ಮಿಗಿಲು. 21 ತೋಪುಗಳ ಗೌರವವಿದ್ದ ಕೆಲವೇ ಸಂಸ್ಥಾನಗಳಲ್ಲಿ ಇದೂ ಒಂದು. ಗಂಡಭೇರುಂಡದ ಲಾಂಛನ, ಬಸವಪ್ಪಶಾಸ್ತ್ರಿಗಳು ರಚಿಸಿದ ನಾಡಗೀತೆ, ಸ್ವಂತ ಸೈನ್ಯ, ಸ್ವಂತ ರೈಲ್ವೆ, ಸ್ವಂತ ವಿಶ್ವವಿದ್ಯಾನಿಲಯ ಇವೆಲ್ಲವೂ ಮೈಸೂರಿಗೆ ಇದ್ದವು. 1881ರಲ್ಲಿ ಸ್ಥಾಪಿತವಾದ ಪ್ರಜಾಪ್ರತಿನಿಧಿ ಸಭೆ, 1907ರಲ್ಲಿ ರಚಿತವಾದ ನ್ಯಾಯವಿಧಾಯಕ ಸಭೆ ಎರಡೂ ಸಂಸ್ಥಾನಕ್ಕೆ ಪ್ರಗತಿಪರ ಎಂಬ ಕೀರ್ತಿಯನ್ನು ತಂದಿದ್ದವು. ಆದರೆ ದಿವಾನರು ಈ ಸಭೆಗಳಿಗೆ ಹೊಣೆಗಾರರಾಗಿರಲಿಲ್ಲ. ಸಭೆ ಕೇಳಬಹುದಿತ್ತು, ಬೇಡಬಹುದಿತ್ತು, ದಿವಾನರನ್ನು ಇಳಿಸುವಂತಿರಲಿಲ್ಲ. ಜವಾಬ್ದಾರಿ ಸರ್ಕಾರವೆಂಬ ಬೇಡಿಕೆಯ ಮೂಲ ಇರುವುದು ಇಲ್ಲಿಯೇ.

ಈ ಬೇಡಿಕೆಯ ಚರಿತ್ರೆಯಲ್ಲಿ ಕೋಲಾರ ಜಿಲ್ಲೆಯ ಪಾಲು ದೊಡ್ಡದು. 1938ರ ಏಪ್ರಿಲ್ 25ರಂದು ಅಂದಿನ ಕೋಲಾರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ನೆರೆದಿದ್ದ ಜನರ ಮೇಲೆ ಗೋಲಿಬಾರ್ ನಡೆಯಿತು. ಮೈಸೂರು ಕಾಂಗ್ರೆಸ್ಸಿನ ಅಧ್ಯಕ್ಷರಾಗಿ, ಮುಂದೆ ಮೊದಲ ಮುಖ್ಯಮಂತ್ರಿಯಾದ ಕೆ. ಚೆಂಗಲರಾಯ ರೆಡ್ಡಿಯವರು 1902ರಲ್ಲಿ ಹುಟ್ಟಿದ್ದು ಇದೇ ಜಿಲ್ಲೆಯ ಕ್ಯಾಸಂಬಳ್ಳಿಯಲ್ಲಿ. ಜಿಲ್ಲೆಯ ದಕ್ಷಿಣಕ್ಕಿದ್ದ ಚಿನ್ನದ ಗಣಿಗಳಲ್ಲಿ 1946ರ ನವೆಂಬರ್‌ನಲ್ಲಿ ನಡೆದ ಗೋಲಿಬಾರಿನಲ್ಲಿ ಕಾರ್ಮಿಕರು ಪ್ರಾಣ ಕಳೆದುಕೊಂಡಿದ್ದರು. ಹೀಗೆ 1947 ಕಾಲಿಡುವ ವೇಳೆಗೆ ಈ ಜಿಲ್ಲೆ ಚಳವಳಿಯ ಎರಡು ಬಗೆಯ ಅನುಭವವನ್ನು, ಅಂದರೆ ರೈತನದನ್ನೂ ಗಣಿ ಕಾರ್ಮಿಕನದನ್ನೂ, ಒಡಲಲ್ಲಿಟ್ಟುಕೊಂಡಿತ್ತು.

ಸೀಮೆಯ ಗೆರೆ

ಶ್ರೀನಿವಾಸಪುರದ ಹಿಂದಿನ ಹೆಸರು ಪಾಪನಪಲ್ಲಿ. ದಿವಾನ್ ಪೂರ್ಣಯ್ಯನವರು ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಇದಕ್ಕಿಟ್ಟರೆಂದು ಗ್ಯಾಸೆಟಿಯರ್ ದಾಖಲಿಸುತ್ತದೆ. ಹೀಗಾಗಿ ಊರಿನ ಹೆಸರಿನಲ್ಲಿಯೇ ಮೈಸೂರಿನ ಆಡಳಿತದ ಮುದ್ರೆಯಿದೆ. ಹಳೆಯ ಹೆಸರಿನ 'ಪಲ್ಲಿ' ತೆಲುಗಿನದು. ಹೊಸ ಹೆಸರಿನ 'ಪುರ' ಅರಮನೆಯದು. ಈ ಎರಡರ ನಡುವೆಯೇ ತಾಲ್ಲೂಕಿನ ಬದುಕು ನಡೆದುಬಂದಿದೆ. ಮನೆಯಲ್ಲಿ ತೆಲುಗು, ಶಾಲೆ ಕಚೇರಿಗಳಲ್ಲಿ ಕನ್ನಡ, ಭಜನೆ ಕೋಲಾಟಗಳಲ್ಲಿ ಎರಡೂ ಎಂಬುದು ಇಲ್ಲಿನ ಅನೇಕ ಕುಟುಂಬಗಳಿಗೆ ಸಹಜವಾದ ಸಂಗತಿ. ಕೈವಾರದ ಯೋಗಿ ನಾರೇಯಣರ ತತ್ವಪದಗಳು ಎರಡೂ ಭಾಷೆಗಳಲ್ಲಿ ಇರುವುದು ಈ ಸೀಮೆಯ ಸ್ವಭಾವಕ್ಕೆ ತಕ್ಕುದಾಗಿಯೇ ಇದೆ.

ತಾಲ್ಲೂಕಿನ ರಾಯಲ್ಪಾಡು ಕಡೆಯ ಹಳ್ಳಿಗಳಿಂದ ಪೂರ್ವೋತ್ತರಕ್ಕೆ ನಡೆದರೆ ಅಂದಿನ ಮದರಾಸು ಪ್ರಾಂತ್ಯದ ಚಿತ್ತೂರು ಜಿಲ್ಲೆ. ಮದನಪಲ್ಲಿ ಅತ್ತ ಕಡೆಯ ದೊಡ್ಡ ಪೇಟೆ. ಹೆಣ್ಣು ಕೊಟ್ಟು ತರುವುದು, ದನದ ವ್ಯಾಪಾರ, ಜಾತ್ರೆ ಪರಿಷೆಗಳು ಈ ಗೆರೆಯನ್ನು ಲೆಕ್ಕಿಸುತ್ತಿರಲಿಲ್ಲ. ಆದರೆ ಗೆರೆ ಇರಲಿಲ್ಲ ಎಂದಲ್ಲ. 1892ರಲ್ಲಿ ಮೈಸೂರು ಮತ್ತು ಮದರಾಸುಗಳ ನಡುವೆ ಆದ ಒಪ್ಪಂದದಂತೆ ಪಾಲಾರ್, ಪೆನ್ನಾರ್ ಮೊದಲಾದ ನದಿಗಳ ಜಲಾನಯನದಲ್ಲಿ ಹೊಸ ನೀರಾವರಿ ಕಾಮಗಾರಿ ಕೈಗೊಳ್ಳಲು ಮೈಸೂರು ಸರ್ಕಾರ ಮದರಾಸಿನ ಒಪ್ಪಿಗೆಯನ್ನು ಪಡೆಯಬೇಕಾಗಿತ್ತು. ಕೆರೆಯೇ ಜೀವಾಳವಾದ ಕೋಲಾರ ಸೀಮೆಗೆ ಇದು ಸಣ್ಣ ಮಾತಲ್ಲ. ನೆಂಟಸ್ತನಕ್ಕೆ ಅಡ್ಡಬರದ ಗಡಿ ನೀರಿಗೆ ಅಡ್ಡಬಂದಿತ್ತು.

1947ರಲ್ಲಿ ಇದೇ ಗೆರೆ ಮತ್ತೊಂದು ಅರ್ಥವನ್ನು ಪಡೆಯಿತು. ಮದರಾಸು ಪ್ರಾಂತ್ಯದಲ್ಲಿ 1946ರಿಂದಲೇ ಚುನಾಯಿತ ಕಾಂಗ್ರೆಸ್ ಸರ್ಕಾರವಿತ್ತು. 1947ರ ಮಾರ್ಚ್‌ನಿಂದ ಓ.ಪಿ. ರಾಮಸ್ವಾಮಿ ರೆಡ್ಡಿಯಾರ್ ಅದರ ಮುಖ್ಯಸ್ಥರಾಗಿದ್ದರು. ಗಡಿಯಾಚೆಯ ಬೀಗರು ಆಗಸ್ಟ್ 15ರಂದು ತಮ್ಮದೇ ಸರ್ಕಾರದ ಕೆಳಗೆ ಬಾವುಟ ಹಾರಿಸಿದರು. ಗಡಿಯೀಚೆಯವರಿಗೆ ಬಾವುಟ ಬಂದಿತ್ತು, ಸರ್ಕಾರ ಬಂದಿರಲಿಲ್ಲ.

ಸಂವತ್ಸರದ ಲೆಕ್ಕ

ಜಾನಪದ ಸಂಶೋಧಕನಿಗೆ ಇಲ್ಲಿ ಎದುರಾಗುವ ಮೊದಲ ತೊಡಕು ಕಾಲಗಣನೆಯದು. ಹಳೆಯ ತಲೆಮಾರಿನ ರೈತರು ವರ್ಷವನ್ನು ಇಸವಿಯಿಂದ ಗುರುತಿಸುತ್ತಿರಲಿಲ್ಲ. ಸಂವತ್ಸರದಿಂದಲೋ, ಬರದಿಂದಲೋ, ಕೆರೆ ಕೋಡಿ ಹರಿದದ್ದರಿಂದಲೋ ಗುರುತಿಸುತ್ತಿದ್ದರು. 1876ರಿಂದ 78ರವರೆಗಿನ ಮಹಾಕ್ಷಾಮ ಜನರ ಬಾಯಲ್ಲಿ ಧಾತು ಈಶ್ವರದ ಬರವಾಗಿಯೇ ಉಳಿಯಿತು. ಆ ಬರದ ಹಿಂದುಮುಂದಿನ ಎರಡು ಜನಗಣತಿಗಳಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷದಿಂದ 42 ಲಕ್ಷಕ್ಕಿಂತ ಕೆಳಗಿಳಿದದ್ದನ್ನು ಅಂಕಿಗಳು ಹೇಳುತ್ತವೆ. ಆ ಸಂಕಟವನ್ನು ಜನ ನೆನಪಿಟ್ಟುಕೊಂಡದ್ದು ಸಂವತ್ಸರದ ಹೆಸರಿನಿಂದ.

ಈ ಲೆಕ್ಕದಲ್ಲಿ 1947ರ ಮಾರ್ಚ್ ತಿಂಗಳ ಯುಗಾದಿಯಿಂದ 1948ರ ಏಪ್ರಿಲ್ ತಿಂಗಳ ಯುಗಾದಿಯವರೆಗೆ ಸರ್ವಜಿತು ಸಂವತ್ಸರ. ಅಧಿಕ ಮಾಸ ಬಂದದ್ದರಿಂದ ಆ ವರ್ಷಕ್ಕೆ ಹದಿಮೂರು ತಿಂಗಳು. ಮೈಸೂರಿನ ಮಟ್ಟಿಗೆ ಇದು ಇಸವಿಗಿಂತ ಹೆಚ್ಚು ಸಮರ್ಪಕವಾದ ಘಟಕ ಎಂದು ಹೇಳಬಹುದಾಗಿದೆ. ದೇಶ ವಿಭಜನೆಯ ಯೋಜನೆ, ಸಂಸ್ಥಾನದ ಸೇರ್ಪಡೆ, ಸ್ವಾತಂತ್ರ್ಯ, ಮೈಸೂರು ಚಲೋ, ಜನಪ್ರಿಯ ಮಂತ್ರಿಮಂಡಲ, 1948ರ ಜನವರಿ 30ರ ಗಾಂಧೀಜಿಯವರ ಹತ್ಯೆ ಇವೆಲ್ಲವೂ ಈ ಒಂದೇ ಸಂವತ್ಸರದ ಒಳಗೆ ಬರುತ್ತವೆ.

ಮತ್ತೊಂದು ಸಂಗತಿಯೂ ಗಮನಾರ್ಹ. ಆಗಸ್ಟ್ 15 ಬಿದ್ದದ್ದು ಅಧಿಕ ಶ್ರಾವಣದ ಬಹುಳದಲ್ಲಿ, ಅಮಾವಾಸ್ಯೆಯ ಹಿಂದಿನ ದಿನಗಳಲ್ಲಿ. ಅಧಿಕ ಮಾಸದಲ್ಲಿ ಮದುವೆ ಮುಂಜಿ ಗೃಹಪ್ರವೇಶಗಳನ್ನು ಇಟ್ಟುಕೊಳ್ಳದ ಸಮಾಜ ಆ ಮಾಸದಲ್ಲಿಯೇ ಸ್ವಾತಂತ್ರ್ಯವನ್ನು ಬರಮಾಡಿಕೊಂಡಿತು. ಮೈಸೂರು ಚಲೋ ಆರಂಭವಾದದ್ದು ನಿಜ ಶ್ರಾವಣದ ಹುಣ್ಣಿಮೆ ಕಳೆದ ಕೂಡಲೆ. ಒಪ್ಪಂದವಾದದ್ದು ಮಹಾಲಯ ಪಕ್ಷದ ಕೊನೆಯಲ್ಲಿ. ಮಂತ್ರಿಮಂಡಲ ಬಂದದ್ದು ವಿಜಯದಶಮಿಯ ಸುಮಾರಿಗೆ. ಈ ಹೊಂದಾಣಿಕೆಗಳ ಹಿಂದೆ ಯಾರದೋ ಯೋಜನೆ ಇತ್ತೆಂದು ಹೇಳುವುದು ಇಲ್ಲಿನ ಉದ್ದೇಶವಲ್ಲ. ಪಂಚಾಂಗದ ಮೇಲೆ ಬದುಕುವ ಜನ ರಾಜಕೀಯ ಘಟನೆಗಳನ್ನು ಯಾವ ಗೂಟಗಳಿಗೆ ಕಟ್ಟಿ ನೆನಪಿಟ್ಟುಕೊಳ್ಳಬಲ್ಲರು ಎಂಬುದಷ್ಟೇ ಇಲ್ಲಿ ಮುಖ್ಯ.

ಎಪ್ಪತ್ತು ದಿನಗಳು

ಘಟನೆಗಳ ಕ್ರಮವನ್ನು ಸಂಕ್ಷಿಪ್ತವಾಗಿ ನೆನೆಯಬಹುದು. ಜೂನ್ 3ರ ಯೋಜನೆ ಪ್ರಕಟವಾದ ಮೇಲೆ ಸಂಸ್ಥಾನಗಳ ಮುಂದೆ ಭಾರತವೋ ಪಾಕಿಸ್ತಾನವೋ ಎಂಬ ಆಯ್ಕೆ ಬಂತು. ತಿರುವಾಂಕೂರು, ಹೈದರಾಬಾದುಗಳು ಪ್ರತ್ಯೇಕವಾಗಿ ಉಳಿಯುವ ಮಾತನ್ನಾಡಿದವು. ಮೈಸೂರು ಆ ದಾರಿಯನ್ನು ಹಿಡಿಯಲಿಲ್ಲ. ಮಹಾರಾಜ ಜಯಚಾಮರಾಜ ಒಡೆಯರು ಆಗಸ್ಟ್ 9ರಂದು ಸೇರ್ಪಡೆ ಪತ್ರಕ್ಕೆ ಸಹಿ ಹಾಕಿದರು. ಆ ಪತ್ರದಂತೆ ಭಾರತ ಸರ್ಕಾರಕ್ಕೆ ಹೋದದ್ದು ರಕ್ಷಣೆ, ವಿದೇಶಾಂಗ ವ್ಯವಹಾರ ಮತ್ತು ಸಂಪರ್ಕ ಎಂಬ ಮೂರು ವಿಷಯಗಳು ಮಾತ್ರ. ಕಂದಾಯ, ಪೊಲೀಸು, ನ್ಯಾಯ, ಶಿಕ್ಷಣ, ಅರಣ್ಯ ಮೊದಲಾಗಿ ಹಳ್ಳಿಯವನ ಬದುಕನ್ನು ತಟ್ಟುವ ಎಲ್ಲವೂ ಮಹಾರಾಜರಲ್ಲಿಯೇ ಉಳಿದವು. ಬ್ರಿಟಿಷ್ ಚಕ್ರಾಧಿಪತ್ಯದ ಅಂಕುಶವೂ ತೊಲಗಿದ್ದರಿಂದ, ಕಾನೂನಿನ ದೃಷ್ಟಿಯಲ್ಲಿ ಅರಮನೆಯ ಆಂತರಿಕ ಅಧಿಕಾರ ಮೊದಲಿಗಿಂತ ಹೆಚ್ಚು ಅಬಾಧಿತವಾಯಿತು ಎಂಬುದು ಈ ಸನ್ನಿವೇಶದ ವಿರೋಧಾಭಾಸ.

ಅಂದಿನ ದಿವಾನರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊದಲ ಅಧ್ಯಕ್ಷರಾಗಿ ಜಗತ್ತಿಗೆ ಪರಿಚಿತರಾಗಿದ್ದ ಆಡಳಿತಗಾರರು. ಅಂಥವರು ದಿವಾನಗಿರಿಯಲ್ಲಿದ್ದ ಸಂಸ್ಥಾನದಲ್ಲಿಯೇ ಜನರಿಗೆ ಹೊಣೆಯಾದ ಸರ್ಕಾರವೊಂದು ರಚನೆಯಾಗಿರಲಿಲ್ಲ. ಸೆಪ್ಟೆಂಬರ್ 1ರಂದು ಮೈಸೂರು ಕಾಂಗ್ರೆಸ್ 'ಮೈಸೂರು ಚಲೋ' ಚಳವಳಿಯನ್ನು ಆರಂಭಿಸಿತು. ಅರಮನೆಯ ಮುಂದೆ ಸತ್ಯಾಗ್ರಹ ನಡೆಸುವುದು ಅದರ ಮೂಲ ಸಂಕಲ್ಪವಾಗಿದ್ದರಿಂದ 'ಅರಮನೆ ಸತ್ಯಾಗ್ರಹ' ಎಂಬ ಹೆಸರೂ ಬಂತು. ಚೆಂಗಲರಾಯ ರೆಡ್ಡಿಯವರೂ ಇತರ ನಾಯಕರೂ ಬಂಧನಕ್ಕೊಳಗಾದರು. ವಿದ್ಯಾರ್ಥಿಗಳು, ಕಾರ್ಮಿಕರು ಬೀದಿಗಿಳಿದರು. ಸೆಪ್ಟೆಂಬರ್ ತಿಂಗಳಲ್ಲಿ ಮೈಸೂರಿನಲ್ಲಿ ರಾಮಸ್ವಾಮಿ ಎಂಬ ಎಳೆಯ ವಿದ್ಯಾರ್ಥಿ ಗುಂಡಿಗೆ ಬಲಿಯಾದನು. ನಗರದ ರಾಮಸ್ವಾಮಿ ವೃತ್ತ ಅವನ ಹೆಸರನ್ನು ಹೊತ್ತಿದೆ. ಇದೇ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನಿಂದ ಬಂದ ಎಚ್. ನರಸಿಂಹಯ್ಯನವರೂ ಚಳವಳಿಯಲ್ಲಿ ಪಾಲ್ಗೊಂಡರು. ಸ್ವಾತಂತ್ರ್ಯ ಹೋರಾಟದ ಆ ದಿನಗಳು ಅವರ ಆತ್ಮಕಥೆ 'ಹೋರಾಟದ ಹಾದಿ'ಯಲ್ಲಿ ಬಂದಿವೆ.

ಚಳವಳಿಗಾರರು ನೆರೆಯ ಪ್ರಾಂತ್ಯಗಳ ನೆಲವನ್ನು ಆಸರೆಯಾಗಿ ಬಳಸಿಕೊಂಡದ್ದು ಈ ಹೋರಾಟದ ಒಂದು ವೈಶಿಷ್ಟ್ಯ. ಸ್ವತಂತ್ರ ಭಾರತದ ಒಂದು ಪ್ರಾಂತ್ಯದಲ್ಲಿ ನಿಂತು, ಅದೇ ಭಾರತಕ್ಕೆ ಸೇರಿದ ಸಂಸ್ಥಾನವೊಂದರ ಸರ್ಕಾರದ ವಿರುದ್ಧ ಹೋರಾಡುವ ವಿಚಿತ್ರ ಪರಿಸ್ಥಿತಿ ಅದು. ಮೈಸೂರು ಪೊಲೀಸರ ಕೈ ಗಡಿಗೆ ನಿಲ್ಲುತ್ತಿತ್ತು. ಶತಮಾನಗಳಿಂದ ನೆಂಟಸ್ತನದ ದಾರಿಗಳಾಗಿದ್ದ ಗಡಿಯ ಕಾಲುದಾರಿಗಳು ಇಂಥ ಸಮಯದಲ್ಲಿ ಏನಾದವು ಎಂಬುದು ಶ್ರೀನಿವಾಸಪುರದಂತಹ ಪ್ರತಿಯೊಂದು ಗಡಿ ತಾಲ್ಲೂಕಿನಲ್ಲಿಯೂ ಕೇಳಬೇಕಾದ ಪ್ರಶ್ನೆ.

ಅಕ್ಟೋಬರ್ 12ರ ವೇಳೆಗೆ ಅರಮನೆಗೂ ಕಾಂಗ್ರೆಸ್ಸಿಗೂ ಒಪ್ಪಂದವಾಯಿತು. ಅಕ್ಟೋಬರ್ 25ರಂದು ಚೆಂಗಲರಾಯ ರೆಡ್ಡಿಯವರು ಮುಖ್ಯಮಂತ್ರಿಯಾಗಿ ಅಧಿಕಾರ ವಹಿಸಿಕೊಂಡರು. ಎಚ್.ಸಿ. ದಾಸಪ್ಪ, ಕೆ.ಟಿ. ಭಾಷ್ಯಂ ಮೊದಲಾದವರು ಮಂತ್ರಿಗಳಾದರು. ದಿವಾನರ ಹುದ್ದೆ ಒಮ್ಮೆಲೇ ರದ್ದಾಗಲಿಲ್ಲ. 1949ರವರೆಗೂ ಅದು ಮುಂದುವರಿಯಿತು. 1949ರ ನವೆಂಬರ್ 25ರ ಘೋಷಣೆಯ ಮೂಲಕ ಮಹಾರಾಜರು ಭಾರತದ ಸಂವಿಧಾನವನ್ನೇ ಮೈಸೂರಿಗೂ ಅಂಗೀಕರಿಸಿದರು. 1950ರ ಜನವರಿ 26ರಿಂದ ಅವರು ರಾಜಪ್ರಮುಖರಾದರು. ಚಿಕ್ಕ ದೇಶವೊಂದು ಹೀಗೆ ಮೂರು ಮೆಟ್ಟಿಲುಗಳಲ್ಲಿ ದೊಡ್ಡ ದೇಶದೊಳಗೆ ಇಳಿಯಿತು. ಆದರೆ ಇಳಿಯುವ ದಿಕ್ಕನ್ನು ನಿರ್ಧರಿಸಿದ್ದು ಸರ್ವಜಿತು ಸಂವತ್ಸರ.

ಹಳ್ಳಿಗೆ ತಲುಪಿದ್ದು ಎಷ್ಟು?

ಮೈಸೂರಿನ ರಾಜಕಾರಣವನ್ನು ಕುರಿತು 1977ರಲ್ಲಿ ಗ್ರಂಥ ಪ್ರಕಟಿಸಿದ ಜೇಮ್ಸ್ ಮ್ಯಾನರ್ ಅವರು ಸಂಸ್ಥಾನದ ಮಟ್ಟದ ರಾಜಕಾರಣಕ್ಕೂ ಹಳ್ಳಿಯ ಮಟ್ಟದ ರಾಜಕಾರಣಕ್ಕೂ ನಡುವೆ ಬಹುಕಾಲ ದೊಡ್ಡ ಅಂತರವಿತ್ತೆಂದು ವಾದಿಸಿದ್ದಾರೆ. ಕಾಂಗ್ರೆಸ್ಸು ನಗರದ ವಕೀಲರು, ವ್ಯಾಪಾರಿಗಳು, ಭೂಮಾಲೀಕರ ಸಂಘಟನೆಯಾಗಿತ್ತು. ಹಳ್ಳಿಯಲ್ಲಿ ಪಟೇಲ, ಶ್ಯಾನುಭೋಗರ ಹಿಡಿತ ಸಡಿಲವಾಗಿರಲಿಲ್ಲ ಎಂಬುದು ಈ ವಾದದ ಇಂಗಿತ. ಕಡತಗಳ ಮಟ್ಟಿಗೆ ಇದನ್ನು ಒಪ್ಪಬೇಕಾಗುತ್ತದೆ. ಆದರೆ ಹಳ್ಳಿ ಚಳವಳಿಗೆ ಬಂತೇ ಇಲ್ಲವೇ ಎಂದು ಅಳೆಯುವ ಮೊದಲು ಹಳ್ಳಿಯ ಕಾಲವನ್ನು ಅರಿಯುವುದು ಅಗತ್ಯ.

ಚಳವಳಿ ಆರಂಭವಾದ ಸೆಪ್ಟೆಂಬರ್ 1 ಹುಬ್ಬೆ ಮಳೆಯ ಕಾಲ. ಮುಗಿದದ್ದು ಚಿತ್ತೆ ಮಳೆಯಲ್ಲಿ. ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ಈ ನಾಲ್ಕು ಮಳೆಗಳು ಖುಷ್ಕಿ ರಾಗಿಯನ್ನೇ ನಂಬಿದ ಕೋಲಾರ ಸೀಮೆಗೆ ನಿರ್ಣಾಯಕ. ಕುಂಟೆ ಹಾಯಿಸುವುದು, ಕಳೆ ತೆಗೆಯುವುದು, ತೆನೆ ಕಟ್ಟುವ ಹೊತ್ತಿಗೆ ಕಾವಲು ಕಾಯುವುದು ಎಲ್ಲವೂ ಈ ಅವಧಿಯ ಕೆಲಸಗಳು. ನದೀಪಾತ್ರದ ನಾಲೆ ನೀರಿಲ್ಲದ ಈ ಜಿಲ್ಲೆಯಲ್ಲಿ ಒಂದು ಮಳೆ ತಪ್ಪಿದರೆ ವರ್ಷದ ಊಟ ತಪ್ಪುತ್ತದೆ. ಅದಕ್ಕೂ ಮಿಗಿಲಾಗಿ ಯುದ್ಧಕಾಲದಲ್ಲಿ ಆರಂಭವಾದ ಧಾನ್ಯದ ಲೆವಿ ಮತ್ತು ಪಡಿತರದ ಬಿಗಿ ಜನರ ಮೇಲಿತ್ತು. ಬೆಳೆದ ರಾಗಿಯಲ್ಲಿ ಸರ್ಕಾರಕ್ಕೆ ಕೊಡಬೇಕಾದುದನ್ನು ಅಳೆದುಕೊಟ್ಟು ಉಳಿದದ್ದರಲ್ಲಿ ಬದುಕಬೇಕಾಗಿದ್ದ ರೈತ ಸೆಪ್ಟೆಂಬರಿನಲ್ಲಿ ಹೊಲ ಬಿಟ್ಟು ಮೈಸೂರಿಗೆ ನಡೆಯಲಿಲ್ಲವೆಂದರೆ ಅದನ್ನು ಉದಾಸೀನವೆನ್ನಲಾಗದು. ಅದೇ ಲೆವಿ, ಅದೇ ಅಧಿಕಾರಿಯ ಅಳತೆ ಅವನಿಗೆ ಜವಾಬ್ದಾರಿ ಸರ್ಕಾರವೆಂಬ ಕಠಿಣ ಪದದ ಅರ್ಥವನ್ನು ಭಾಷಣಕ್ಕಿಂತ ಚೆನ್ನಾಗಿ ತಿಳಿಸಬಲ್ಲದಾಗಿತ್ತು.

ಸುದ್ದಿ ಹಳ್ಳಿಗೆ ತಲುಪುವ ದಾರಿಗಳನ್ನೂ ಗಮನಿಸಬೇಕು. 1910ರ ದಶಕದಲ್ಲಿ ಹಾಕಿದ ನ್ಯಾರೋಗೇಜ್ ರೈಲುಮಾರ್ಗ ಬಂಗಾರಪೇಟೆ, ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಚಿಕ್ಕಬಳ್ಳಾಪುರಗಳನ್ನು ಒಂದೇ ಎಳೆಯಲ್ಲಿ ಪೋಣಿಸಿತ್ತು. ಬಂಗಾರಪೇಟೆಯಿಂದ ಚಿನ್ನದ ಗಣಿಗಳಿಗೂ ಬೆಂಗಳೂರಿಗೂ ದೊಡ್ಡ ಗಾಡಿಯ ಸಂಪರ್ಕವಿತ್ತು. ವಾರದ ಸಂತೆ, ದನಗಳ ಪರಿಷೆ, ಶ್ರಾವಣ ಶನಿವಾರದ ಭಜನೆ, ಗಣೇಶನ ಹಬ್ಬ ಇವು ಜನ ಸೇರುವ ಸಂದರ್ಭಗಳು. ಸಭೆ ಮೆರವಣಿಗೆಗಳನ್ನು ನಿಷೇಧಿಸಬಹುದು. ಸಂತೆಯನ್ನೂ ಭಜನೆಯನ್ನೂ ನಿಷೇಧಿಸುವುದು ಯಾವ ಸರ್ಕಾರಕ್ಕೂ ಕಷ್ಟ. ಆ ವರ್ಷ ನಿಜ ಶ್ರಾವಣ, ಭಾದ್ರಪದ, ನವರಾತ್ರಿಗಳೆಲ್ಲ ಚಳವಳಿಯಿಂದ ಒಪ್ಪಂದ, ಮಂತ್ರಿಮಂಡಲಗಳವರೆಗಿನ ಅವಧಿಯಲ್ಲಿಯೇ ಬಂದವು. ಹೀಗಾಗಿ ಹಳ್ಳಿಯ ಪಾಲ್ಗೊಳ್ಳುವಿಕೆಯನ್ನು ಬಂಧಿತರ ಪಟ್ಟಿಯಲ್ಲಿ ಮಾತ್ರ ಹುಡುಕುವುದು ಸಾಲದು.

ಮೌಖಿಕ ಆಕರದ ಮಿತಿ ಮತ್ತು ತುರ್ತು

ಮೌಖಿಕ ಆಕರವೆಂದ ಮಾತ್ರಕ್ಕೆ ಅದು ನಿಜವೆಂದು ಭಾವಿಸುವುದು ಸಲ್ಲದು. ವಿದುರಾಶ್ವತ್ಥದ ಉದಾಹರಣೆಯನ್ನೇ ನೋಡಬಹುದು. ಅಲ್ಲಿ ಮಡಿದವರ ಸಂಖ್ಯೆ ಸರ್ಕಾರದ ಲೆಕ್ಕದಲ್ಲಿ 10; ಜನರ ಲೆಕ್ಕದಲ್ಲಿ 30ನ್ನು ಮೀರುತ್ತದೆ. ಸಂಶೋಧಕನ ಕೆಲಸ ಈ ಎರಡರಲ್ಲಿ ಒಂದನ್ನು ಆರಿಸಿ ಮತ್ತೊಂದನ್ನು ಕೈಬಿಡುವುದಷ್ಟೇ ಅಲ್ಲ. ಸರ್ಕಾರದ ಲೆಕ್ಕ ಯಾರನ್ನು ಎಣಿಸಿತು, ಗಾಯಗೊಂಡು ಅನಂತರ ಮನೆಯಲ್ಲಿ ಸತ್ತವರನ್ನು ಎಣಿಸಿತೇ, ಜನರ ಲೆಕ್ಕ ಯಾವ ತಲೆಮಾರಿನಲ್ಲಿ ಸ್ಥಿರವಾಯಿತು ಎಂಬ ಪ್ರಶ್ನೆಗಳನ್ನು ಎತ್ತುವುದು ಆತನ ಹೊಣೆ.

1947ರ ಬಗ್ಗೆ ಈ ಕೆಲಸ ಇನ್ನೂ ಕಠಿಣ. ಎರಡು ಕಾರಣಗಳಿವೆ. ಮೊದಲನೆಯದು, ನೆನಪುಗಳ ಬೆರಕೆ. 1938, 1942, 1947ರ ಮೂರು ಚಳವಳಿಗಳಲ್ಲಿಯೂ ಬಾವುಟ, ಮೆರವಣಿಗೆ, ಲಾಠಿ, ಸೆರೆಮನೆಗಳಿದ್ದವು. ಕಾಲ ಸರಿದಂತೆ ಇವು ಒಂದೇ 'ಚಳವಳಿ ಕಾಲ'ವಾಗಿ ಕರಗುತ್ತವೆ. ಆಗಸ್ಟ್ 15 ಅವೆಲ್ಲವನ್ನೂ ತನ್ನೊಳಗೆ ಸೆಳೆದುಕೊಳ್ಳುತ್ತದೆ. ಇಲ್ಲಿ ಸಂವತ್ಸರ ಮತ್ತು ಮಳೆಗಳ ಲೆಕ್ಕ ಸಹಾಯಕ್ಕೆ ಬರುತ್ತದೆ. ವಿದುರಾಶ್ವತ್ಥ ಬಹುಧಾನ್ಯ ಸಂವತ್ಸರದ ಬೇಸಿಗೆಯದು; ಮೈಸೂರು ಚಲೋ ಸರ್ವಜಿತುವಿನ ಮಳೆಗಾಲದ್ದು. 'ಯಾವ ಇಸವಿ' ಎಂದು ಕೇಳಿದರೆ ಬಾರದ ಉತ್ತರ 'ರಾಗಿ ಹೊಲದಲ್ಲಿತ್ತೋ ಕಣದಲ್ಲಿತ್ತೋ' ಎಂದು ಕೇಳಿದರೆ ಬರಬಹುದು.

ಎರಡನೆಯದು, ವಯಸ್ಸು. ಅಂದು ಹದಿನೈದು ವರ್ಷದವರಾಗಿದ್ದವರು ಇಂದು ತೊಂಬತ್ತನ್ನು ದಾಟಿದ್ದಾರೆ. ಕಂಡವರಿಂದ ಕೇಳುವ ಕಾಲ ಮುಗಿಯುತ್ತ ಬಂದಿದೆ; ಕೇಳಿದವರಿಂದ ಕೇಳುವ ಕಾಲ ಆರಂಭವಾಗಿದೆ. ಈ ಎರಡನ್ನೂ ಒಂದೇ ಎಂದು ದಾಖಲಿಸುವುದು ಅಪಾಯಕಾರಿ. ಪ್ರತಿ ದಾಖಲೆಯಲ್ಲಿಯೂ ಹೇಳಿದವರು ಕಣ್ಣಾರೆ ಕಂಡದ್ದೇ, ತಂದೆತಾಯಿಯರಿಂದ ಕೇಳಿದ್ದೇ, ಶಾಲೆಯಲ್ಲಿ ಓದಿದ್ದೇ ಎಂಬುದನ್ನು ಬೇರ್ಪಡಿಸಿ ನಮೂದಿಸಬೇಕು. ಹೇಳಿಕೆ ತೆಲುಗಿನಲ್ಲಿದ್ದರೆ ತೆಲುಗಿನಲ್ಲಿಯೇ, ಕನ್ನಡ ಲಿಪಿಯಲ್ಲಿ ಬರೆದುಕೊಂಡು, ಅನಂತರ ಅನುವಾದಿಸಬೇಕು. ಕನ್ನಡಕ್ಕೆ ತಂದೇ ದಾಖಲಿಸಿದರೆ ಈ ಸೀಮೆಯ ಅರ್ಧ ನೆನಪನ್ನು ನಾವೇ ಅಳಿಸಿದಂತಾಗುತ್ತದೆ. ಹೆಂಗಸರನ್ನು ಬೇರೆಯಾಗಿ ಕೇಳಬೇಕು. ಗಡಿಯಾಚೆಯಿಂದ ಮದುವೆಯಾಗಿ ಬಂದವರ, ಗಡಿಯಾಚೆಗೆ ಮದುವೆಯಾಗಿ ಹೋದವರ ಮನೆತನಗಳಲ್ಲಿ ಎರಡು ಸರ್ಕಾರಗಳನ್ನು ಹೋಲಿಸಿ ನೋಡಿದ ಮಾತು ಉಳಿದಿರುವ ಸಾಧ್ಯತೆ ಹೆಚ್ಚು.

ಉಪಸಂಹಾರ

ಕರ್ನಾಟಕದ ಈಶಾನ್ಯ ಜಿಲ್ಲೆಗಳು 1948ರ ಸೆಪ್ಟೆಂಬರ್ 17ನ್ನು ತಮ್ಮ ವಿಮೋಚನೆಯ ದಿನವಾಗಿ ಗುರುತಿಸಿಕೊಂಡಿವೆ. ಸರ್ಕಾರವೂ ಅದನ್ನು ಕಲ್ಯಾಣ ಕರ್ನಾಟಕ ಉತ್ಸವವಾಗಿ ಆಚರಿಸುತ್ತದೆ. ಹಳೆಯ ಮೈಸೂರಿನ ಜಿಲ್ಲೆಗಳಿಗೆ ಅಂಥ ದಿನವೊಂದಿಲ್ಲ. ನಿಜಾಮರ ವಿರುದ್ಧದ ಹೋರಾಟದಷ್ಟು ರಕ್ತಪಾತ ಇಲ್ಲಿ ಆಗಲಿಲ್ಲ. ಮಹಾರಾಜರ ಬಗೆಗಿನ ಗೌರವ ಚಳವಳಿಯ ನಡುವೆಯೂ ಜನರಲ್ಲಿ ಉಳಿದಿತ್ತು. ಜಯಚಾಮರಾಜ ಒಡೆಯರು ಮುಂದೆ ರಾಜ್ಯಪಾಲರಾಗಿ ಸಾರ್ವಜನಿಕ ಬದುಕಿನಲ್ಲಿ ಮುಂದುವರಿದರು. ಕಹಿಯಿಲ್ಲದ ಅಂತ್ಯವೇ ಆ ಹೋರಾಟದ ಮರೆವಿಗೂ ಕಾರಣವಾಯಿತು ಎನ್ನಬಹುದು.

1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ಕೋಲಾರ ಜಿಲ್ಲೆ ಕನ್ನಡ ರಾಜ್ಯದಲ್ಲಿಯೇ ಉಳಿಯಬೇಕೆಂದಿತು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ಉದಯವಾಯಿತು. 1973ರಲ್ಲಿ ಅದು ಕರ್ನಾಟಕವಾಯಿತು. ಅರವತ್ತು ವರ್ಷಗಳ ಚಕ್ರ ಒಂದು ಸುತ್ತು ತಿರುಗಿ ಮತ್ತೆ ಸರ್ವಜಿತು ಬಂದ 2007ರಲ್ಲಿ ಕೋಲಾರ ಜಿಲ್ಲೆ ಒಡೆದು ಚಿಕ್ಕಬಳ್ಳಾಪುರ ಬೇರೆಯಾಯಿತು. ವಿದುರಾಶ್ವತ್ಥ ಆ ಕಡೆಗೆ, ಕ್ಯಾಸಂಬಳ್ಳಿ ಈ ಕಡೆಗೆ, ಗಡಿಯ ಶ್ರೀನಿವಾಸಪುರ ಕೋಲಾರದಲ್ಲಿ ಉಳಿದವು. ಒಂದು ಹೋರಾಟದ ನೆಲೆಗಳು ಎರಡು ಜಿಲ್ಲೆಗಳ ದಾಖಲೆಗಳಲ್ಲಿ ಹಂಚಿಹೋದವು.

ಒಟ್ಟಿನಲ್ಲಿ, 1947ರಲ್ಲಿ ಮೈಸೂರಿನ ಪ್ರಜೆಗೆ ಸ್ವಾತಂತ್ರ್ಯ ಎರಡು ಬಾರಿ ಬಂತು. ಮೊದಲನೆಯದು ಬ್ರಿಟಿಷರು ಹೊರಟದ್ದರಿಂದ. ಎರಡನೆಯದು ತಾನೇ ಕೇಳಿ ಪಡೆದದ್ದರಿಂದ. ಮೊದಲನೆಯದನ್ನು ದೇಶವೆಲ್ಲ ನೆನೆಯುತ್ತದೆ. ಎರಡನೆಯದನ್ನು ನೆನೆಯಬೇಕಾದವರು ನಾವು. ತಾಲ್ಲೂಕುಗಳ ಕಂದಾಯ ಕಡತಗಳು, ಪೊಲೀಸ್ ದಾಖಲೆಗಳು ಒಂದು ಕಡೆ, ಮನೆತನಗಳ ಮಾತು ಇನ್ನೊಂದು ಕಡೆ ಇಟ್ಟು ಗಡಿಯ ಹಳ್ಳಿಗಳಲ್ಲಿ ಆ ಎಪ್ಪತ್ತು ದಿನಗಳ ಚರಿತ್ರೆಯನ್ನು ದಾಖಲಿಸುವ ಕಾರ್ಯವನ್ನು ವಿಶ್ವವಿದ್ಯಾನಿಲಯಗಳು, ಅಕಾಡೆಮಿಗಳು ಮತ್ತು ಸ್ಥಳೀಯ ಕಾಲೇಜುಗಳು ಒಟ್ಟಾಗಿ ಕೈಗೊಳ್ಳುವುದು ಅತ್ಯಗತ್ಯ. ಕಡತ ಇನ್ನೂ ಕೆಲವು ವರ್ಷ ಕಾಯಬಹುದು, ಮಾತು ಕಾಯುವುದಿಲ್ಲ.